ಗಿಣಿಗೆ ಕೈ ಬಂತು, ಗೂಡು ಬರಲಿಲ್ಲ

ಭೂಮಿ ಇನ್ನೂ ಒಣಗಿರಲಿಲ್ಲ. ಈಗಷ್ಟೇ ಸಾರಿಸಿದ ಅಂಗಳದ ಹಾಗೆ ಹಸಿಹಸಿಯಾಗಿತ್ತು. ಬೆಟ್ಟದ ಮೇಲೆ ಕೈಯಿಟ್ಟರೆ ಬೆರಳಿನ ಗುರುತು ಮೂಡುತ್ತಿತ್ತು. ನದಿ ಯಾವ ಕಡೆ ಹರಿಯಬೇಕು ಅಂತ ಗೊತ್ತಾಗದೆ ಸಿಕ್ಕಸಿಕ್ಕವರನ್ನೆಲ್ಲ ದಾರಿ ಕೇಳುತ್ತಿತ್ತು.

ಹಕ್ಕಿಗಳ ಮೈ, ಮನುಷ್ಯರ ಮೈ, ಎಲ್ಲರ ಮೈಯೂ ಹಾಗೇ, ಹಸಿ ಮಣ್ಣಿನಂತೆ ಮೆತ್ತಗೆ. ಕಿವಿ ಹಿಂಡಿದರೆ ಅದು ಹಿಂಡಿದ ಹಾಗೇ ಉಳಿದುಬಿಡುತ್ತಿತ್ತು. ಅದಕ್ಕೇ ಆ ಕಾಲದ ಮೇಷ್ಟ್ರುಗಳು ಯಾರ ಕಿವಿಯನ್ನೂ ಹಿಂಡುತ್ತಿರಲಿಲ್ಲ.

ಮೊದಲ ಮಳೆ ಇನ್ನೂ ಬಂದಿರಲಿಲ್ಲ. ಸೂರ್ಯ ಮೋಡದ ಹಿಂದೆ ನಿಂತು ಇಣುಕುತ್ತಿದ್ದ, ಅಷ್ಟೆ. ಮೊದಲ ಮಳೆ ಬಂದು ಹೋದ ಮೇಲೆ ಅವನು ಪೂರ್ತಿ ಹೊರಗೆ ಬರುತ್ತಾನೆ, ಆಗ ಎಲ್ಲವೂ ಗಟ್ಟಿಯಾಗುತ್ತದೆ, ಆಮೇಲೆ ಯಾರೂ ಬದಲಾಗುವ ಹಾಗಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಆಗ ಮನುಷ್ಯರ ಮಕ್ಕಳಿಗೆ ಹಕ್ಕಿಗಳ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಗೂಡು ಕಂಡರೆ ಕಸ ಅಂದುಕೊಂಡು ಕೋಲಿನಿಂದ ಕೆಡವುತ್ತಿದ್ದರು. ಮೊಟ್ಟೆ ಸಿಕ್ಕರೆ ಗೋಲಿ ಆಡುತ್ತಿದ್ದರು.

ಹಕ್ಕಿಗಳೆಲ್ಲ ಕೆರೆ ಏರಿಯ ಮೇಲೆ ಸಭೆ ಸೇರಿದವು. "ಕುಕ್ಕಿ ಓಡಿಸೋಣ" ಅಂತು ಒಂದು. "ತಲೆ ಮೇಲೆ ಪಿಚಕ್ ಅನ್ನಿಸೋಣ" ಅಂತು ಇನ್ನೊಂದು. ಎಲ್ಲ ನಕ್ಕವು.

ಕೆಂಬೂತ ಮಾತ್ರ ನಗಲಿಲ್ಲ. ಕೆಂಬೂತ ಅಂದರೆ ಆ ಹಕ್ಕಿಗಳ ಮೇಷ್ಟ್ರು. ಕಂದು ಬಣ್ಣದ ರೆಕ್ಕೆಯನ್ನು ಶಾಲಿನ ಹಾಗೆ ಹೊದ್ದು, ಬೆನ್ನ ಹಿಂದೆ ಕೈ ಕಟ್ಟಿಕೊಂಡವರ ಥರ ನಿಧಾನಕ್ಕೆ ನಡೆಯುತ್ತಿದ್ದರು. ಕಣ್ಣು ಕೆಂಪು ಕೆಂಪು.

"ಬೈಯೋದೂ ಬೇಡ, ಕುಕ್ಕೋದೂ ಬೇಡ" ಅಂದರು ಮೇಷ್ಟ್ರು. "ಮನುಷ್ಯರು ಒಂದು ಮಗೂನ ನನ್ನ ಶಾಲೆಗೆ ಕಳಿಸಲಿ. ಒಂದು ಗೂಡು ಕಟ್ಟಿದ ಕೈ ಇನ್ನೊಂದು ಗೂಡು ಕೆಡವಲ್ಲ."

ಶಾಲೆ ಇದ್ದದ್ದು ಕೆರೆ ದಂಡೆಯ ಅತ್ತಿ ಮರದ ಕೆಳಗೆ. ಅಲ್ಲಿ ಪುಸ್ತಕ ಇರಲಿಲ್ಲ, ಬೋರ್ಡ್ ಇರಲಿಲ್ಲ. ಹೋಂವರ್ಕ್ ಮಾತ್ರ ಇತ್ತು. ಯಾರಾದರೂ "ಮೇಷ್ಟ್ರೇ, ನಂಗೆ ಗೊತ್ತು, ನಾನು ಹೇಳ್ತೀನಿ" ಅಂದರೆ ಮೇಷ್ಟ್ರು ಒಂದೇ ಮಾತು ಅನ್ನುತ್ತಿದ್ದರು: "ಹೇಳ್ಬೇಡ, ಮಾಡು."

ಆ ಶಾಲೆಯಲ್ಲಿ ಎಲ್ಲದರಲ್ಲೂ ಮೊದಲು ಬರುತ್ತಿದ್ದವಳು ಪಚ್ಚಿ ಅನ್ನುವ ಮರಿಗಿಣಿ. ಕಾಳು ಬಿಡಿಸುವುದರಲ್ಲಿ ಪಚ್ಚಿ ಮೊದಲು. ನಾರು ಸೀಳುವುದರಲ್ಲಿ ಪಚ್ಚಿ ಮೊದಲು. ಗೂಡು ಹೆಣೆಯುವುದರಲ್ಲಿ ಗೀಜಗನಿಗೂ ಅವಳಿಗೂ ಪೈಪೋಟಿ. ದಿನಾ ಸಂಜೆ ಮೇಷ್ಟ್ರು "ಪಚ್ಚೀನ ನೋಡಿ ಕಲೀರಿ" ಅನ್ನುತ್ತಿದ್ದರು. ಪಚ್ಚಿಗೆ ಆ ಮಾತು ಅತ್ತಿ ಹಣ್ಣಿಗಿಂತ ಸಿಹಿ. ಅದನ್ನು ಕೇಳದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಆಗ ಬಂದಳು ದುಗ್ಗಿ.

ದುಗ್ಗಿ ಮನುಷ್ಯರ ಹುಡುಗಿ. ಮೊಣಕಾಲಿನವರೆಗೆ ಕೆಸರು, ಬಾಚದ ತಲೆ. ಹೆಸರೇನು ಅಂತ ಮೇಷ್ಟ್ರು ಕೇಳಿದರೆ ಹೆಸರನ್ನು ನೆಲಕ್ಕೆ ಹೇಳಿದಳು. ಅಷ್ಟು ನಾಚಿಕೆ.

"ರೆಕ್ಕೆ ಇಲ್ಲ, ಕೊಕ್ಕಿಲ್ಲ, ಬಾಲವೂ ಇಲ್ಲ" ಅಂದಳು ಪಚ್ಚಿ, ಪಕ್ಕದಲ್ಲಿದ್ದ ಗುಬ್ಬಚ್ಚಿಯ ಕಿವಿಯಲ್ಲಿ. "ಇದೇನು ಕಲಿಯುತ್ತೋ!"

ಆವತ್ತಿನ ಪಾಠ ಹೆಜ್ಜೆ ಗುರುತು. ಎಲ್ಲ ಹಕ್ಕಿಗಳೂ ಕೆರೆಯ ಕೆಸರಲ್ಲಿ ಓಡಾಡಿ ಮರ ಹತ್ತಿದವು. ಯಾವುದು ಯಾರ ಹೆಜ್ಜೆ ಅಂತ ದುಗ್ಗಿ ಹೇಳಬೇಕು.

ದುಗ್ಗಿ ಕೂತು ನೋಡಿದಳು. ಬಗ್ಗಿ ನೋಡಿದಳು. ತಲೆಯೆತ್ತಿ ಕೊಂಬೆ ಮೇಲಿನ ಕಾಲುಗಳನ್ನು ನೋಡಿದಳು. ತನ್ನ ಬೆರಳನ್ನು ಆ ಗುರುತುಗಳ ಮೇಲೆ ಇಟ್ಟಿಟ್ಟು ನೋಡಿದಳು.

"ಇದು ಗೊರವಂಕ. ಒಂದೊಂದೇ ಕಾಲಿಟ್ಟು ನಡೆದಿದೆ" ಅಂದಳು ಮೆಲ್ಲಗೆ. "ಇದು ಗುಬ್ಬಚ್ಚಿ. ಎರಡೂ ಕಾಲು ಒಟ್ಟಿಗಿವೆ, ಕುಪ್ಪಳಿಸಿದೆ. ಮತ್ತೆ ಇದು... ನಿಮ್ಮದು ಮೇಷ್ಟ್ರೇ."

"ಹೇಗೆ ಗೊತ್ತಾಯ್ತು ಮಗಾ?"

"ಉಳಿದವರಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ನಿಮಗೂ ಮರಕುಟಿಗನಿಗೂ ಎರಡು ಮುಂದೆ, ಎರಡು ಹಿಂದೆ. ಅವನ ಹೆಜ್ಜೆ ಚಿಕ್ಕದು."

ಮೇಷ್ಟ್ರು ಒಂದು ಕಾಲು ಎತ್ತಿ ನೋಡಿಕೊಂಡರು. "ಅರೆ! ಹೌದಲ್ಲ! ಇಷ್ಟು ದಿನ ನನ್ನ ಕಾಲನ್ನ ನಾನೇ ಸರಿಯಾಗಿ ನೋಡ್ಕೊಂಡಿರಲಿಲ್ಲ ನೋಡಿ" ಅಂತ ನಕ್ಕರು. ಸಂಜೆ ಶಾಲೆ ಬಿಡುವಾಗ ಹೇಳಿದರು: "ದುಗ್ಗೀನ ನೋಡಿ ಕಲೀರಿ."

ಪಚ್ಚಿ ಒಂದು ಕ್ಷಣ ತನ್ನ ಹೆಸರು ಬಂತು ಅಂದುಕೊಂಡು ಕತ್ತು ಎತ್ತಿದ್ದಳು. ಎತ್ತಿದ ಕತ್ತನ್ನು ಏನು ಮಾಡಬೇಕೋ ಗೊತ್ತಾಗಲಿಲ್ಲ. ಮೋಡ ನೋಡುವವಳ ಹಾಗೆ ನಟಿಸಿದಳು. ಹಸಿ ಮೆಣಸಿನಕಾಯಿ ತಿಂದರೂ ಉರಿಯದ ಅವಳ ಹೊಟ್ಟೆ ಆವತ್ತು ಚುರ್ ಅಂತು.

ಮಾರನೇ ದಿನದಿಂದ ಗೂಡು ಕಟ್ಟುವ ಪಾಠ. ಮೇಷ್ಟ್ರು ದುಗ್ಗಿಗೆ ಒಂದು ನಿಯಮ ಹಾಕಿದರು. "ಹತ್ತು ಬೆರಳಿದ್ದರೆ ಯಾರು ಬೇಕಾದ್ರೂ ಕಟ್ತಾರೆ. ನಿನಗೆ ಎರಡೇ ಬೆರಳು. ಬಲಗೈಯ ಹೆಬ್ಬೆರಳು, ತೋರುಬೆರಳು. ಅದೇ ನಿನ್ನ ಕೊಕ್ಕು. ಎಡಗೈ ನಿನ್ನ ಕಾಲು, ಒತ್ತಿ ಹಿಡಿಯೋಕೆ ಮಾತ್ರ."

ದುಗ್ಗಿ ಎರಡು ಬೆರಳಲ್ಲಿ ಒಂದು ಹುಲ್ಲೆಳೆ ಎತ್ತಿದಳು. ಬಿತ್ತು. ಮತ್ತೆ ಎತ್ತಿದಳು. ಸಂಜೆಗೆ ಏನೋ ಒಂದು ಆಯಿತು.

"ಇದು ಗೂಡಾ, ಹಸು ಉಗಿದ ಹುಲ್ಲಾ?" ಅಂದ ಗೀಜಗ. ಪಚ್ಚಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಎಲ್ಲರದೂ ಮುಗಿದ ಮೇಲೂ ನಗುತ್ತಿದ್ದಳು.

ದುಗ್ಗಿಯೂ ನಕ್ಕಳು. ಬಿಚ್ಚಿ ಮತ್ತೆ ಶುರು ಮಾಡಿದಳು. ದಿನ ಕಳೆದ ಹಾಗೆ ಅವಳ ಎರಡು ಬೆರಳು ನಿಜವಾಗಿಯೂ ಕೊಕ್ಕಾಗತೊಡಗಿದವು. ಗೀಜಗನೇ ಹತ್ತಿರ ಬಂದು, "ಇಲ್ಲಿ ಒಂದು ಸುತ್ತು ಜಾಸ್ತಿ ಹಾಕು ಕಣೇ" ಅಂತ ಹೇಳಿಕೊಟ್ಟ. ಪಚ್ಚಿಯನ್ನು ಯಾರೂ ಏನೂ ಕೇಳಲಿಲ್ಲ.

ಆಗ ಗಾಳಿ ಬಂತು. ಅತ್ತಿ ಮರದ ಕೊಂಬೆ ಮೇಲೆ ಕೂತು ಹೇಳಿತು:

"ಕೇಳಿ ಮಕ್ಕಳೇ. ನನ್ನ ತಂಗಿ ಮಳೆ ಹೊರಟಿದ್ದಾಳೆ. ಅವಳ ಮುಂದೆ ಮುಂದೆ ನಾನು ಬರ್ತೀನಿ. ಬಂದು ಒಬ್ಬೊಬ್ಬರ ಗೂಡನ್ನೂ ಅಲ್ಲಾಡಿಸ್ತೀನಿ. ಆವತ್ತು ಯಾರಿಗೆ ಯಾವ ಗೂಡು ಇರುತ್ತೋ ಅದೇ ಅವರ ಕುಲದ ಗೂಡು. ಅವರ ಮಕ್ಕಳಿಗೂ ಅದೇ, ಮೊಮ್ಮಕ್ಕಳಿಗೂ ಅದೇ. ಆಮೇಲೆ ಬದಲಾಯಿಸಿ ಅಂತ ನನ್ನ ಹತ್ತಿರ ಅಳಬೇಡಿ."

ಎಲ್ಲ ಹಕ್ಕಿಗಳೂ ಕೆಲಸಕ್ಕೆ ಬಿದ್ದವು. ಪಚ್ಚಿಯೂ ಕೂತಳು. ಅವಳ ಗೂಡಿನ ತಳ ಚೆನ್ನಾಗಿಯೇ ಬಂದಿತ್ತು. ಆದರೆ ಒಂದು ಎಳೆ ಹಾಕುವುದು, ದುಗ್ಗಿ ಕಡೆ ನೋಡುವುದು. ಇನ್ನೊಂದು ಎಳೆ ಹಾಕುವುದು, ದುಗ್ಗಿ ಕಡೆ ನೋಡುವುದು.

"ನಿನ್ನ ಕೊಕ್ಕು ನೋಡ್ಕೊ ತಾಯಿ" ಅಂದರು ಮೇಷ್ಟ್ರು.

"ನಾನೆಲ್ಲಿ ನೋಡಿದೆ? ನಾನು ಕೆರೆ ನೋಡ್ತಿದ್ದೆ" ಅಂದಳು ಪಚ್ಚಿ.

ಮಧ್ಯಾಹ್ನ ತಿನ್ನುವ ಹೊತ್ತಿಗೆ ಇನ್ನೂ ಕಷ್ಟ. ಆಗ ದುಗ್ಗಿಗೆ ನಿಯಮವಿಲ್ಲ, ಹತ್ತು ಬೆರಳೂ ಅವಳವೇ. ಅತ್ತಿ ಹಣ್ಣನ್ನು ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ, ಯಾವ ಕಡೆ ಚೆನ್ನಾಗಿ ಹಣ್ಣಾಗಿದೆಯೋ ಆ ಕಡೆಯಿಂದ ಕಚ್ಚುತ್ತಿದ್ದಳು. ಪಚ್ಚಿಯ ಹಣ್ಣು ಕೊಂಬೆಯ ಮೇಲೆ ಜಾರುತ್ತಿತ್ತು. ಒತ್ತಿ ಹಿಡಿದರೆ ಹಿಚುಕಿಹೋಗುತ್ತಿತ್ತು, ಬಿಟ್ಟರೆ ಉರುಳಿ ಕೆರೆಗೆ ಬೀಳುತ್ತಿತ್ತು. ಇಷ್ಟು ದಿನ ಬಿದ್ದಾಗ ಬಿತ್ತು ಅಂತ ಇನ್ನೊಂದು ಕೀಳುತ್ತಿದ್ದಳು. ಈಗ ಒಂದೊಂದು ಹಣ್ಣು ಬಿದ್ದಾಗಲೂ ದುಗ್ಗಿಯ ಕೈ ಕಡೆ ನೋಡುತ್ತಿದ್ದಳು.

"ಕೈ ಇದ್ದಿದ್ದರೆ..." ಅಂದುಕೊಂಡಳು ಪಚ್ಚಿ. "ಕೈ ಇದೆ ಅಂತ ತಾನೇ ಅವಳು ಅಷ್ಟು ಮೆರೆಯೋದು."

ಪಾಪ, ದುಗ್ಗಿ ಮೆರೆದಿದ್ದೇ ಇಲ್ಲ. ಆದರೆ ಹೊಟ್ಟೆಕಿಚ್ಚಿಗೆ ಕಣ್ಣು ಇರುವುದು ಒಂದೇ ಕಡೆ.

ಒಂದು ಮಧ್ಯಾಹ್ನ ಎಲ್ಲರೂ ನೀರು ಕುಡಿಯಲು ಹೋಗಿದ್ದಾಗ ಪಚ್ಚಿ ದುಗ್ಗಿಯ ಗೂಡಿನ ಹತ್ತಿರ ಹೋದಳು. ಜಾಲಿ ಕೊಂಬೆಗೆ ಕಟ್ಟಿದ ಪುಟ್ಟ ಗೂಡು. ಸುಮ್ಮನೆ ನೋಡೋಣ ಅಂತಲೇ ಹೋದಳು. ನೋಡಿದಳು. ಚೆನ್ನಾಗಿತ್ತು. ಚೆನ್ನಾಗಿತ್ತು ಅನ್ನುವುದನ್ನೇ ತಡೆಯಲಾಗದೆ ಅದು ನೇತಾಡುತ್ತಿದ್ದ ನಾರನ್ನು ಕಟಕ್ ಅಂತ ಕಡಿದುಬಿಟ್ಟಳು.

ಗೂಡು ಕೆಳಗೆ ಬಿದ್ದು ಒಂದು ಪಕ್ಕ ಚಪ್ಪಟೆಯಾಯಿತು.

ದುಗ್ಗಿ ಬಂದು ಎತ್ತಿಕೊಂಡಳು. ನಾರಿನ ತುದಿ ನೋಡಿದಳು. ಗಾಳಿಗೆ ಹರಿದದ್ದಾದರೆ ತುದಿ ಕೆದರಿರುತ್ತದೆ. ಇದು ಓರೆಯಾಗಿ, ನೀಟಾಗಿ ಕತ್ತರಿಸಿದಂತಿತ್ತು. ಅಂಥ ಬಾಗಿದ ಕೊಕ್ಕು ಆ ಶಾಲೆಯಲ್ಲಿ ಒಬ್ಬಳಿಗೇ ಇತ್ತು. ದುಗ್ಗಿ ಒಂದು ಸಲ ಮೇಲೆ ನೋಡಿದಳು. ಕೂತು ಸರಿಮಾಡತೊಡಗಿದಳು.

ಬೈದಿದ್ದರೆ ಪಚ್ಚಿ ತಿರುಗಿ ಬೈಯುತ್ತಿದ್ದಳು. ಅತ್ತಿದ್ದರೆ ನಗುತ್ತಿದ್ದಳು. ಏನೂ ಅನ್ನದೆ ಇದ್ದರೆ ಏನು ಮಾಡುವುದು?

"ಪಚ್ಚಿ, ಈ ಎಳೆ ಒಂಚೂರು ಹಿಡ್ಕೊತೀಯಾ?" ಅಂದಳು ದುಗ್ಗಿ.

ಪಚ್ಚಿ ಇಳಿದು ಬಂದು ಕಾಲು ಚಾಚಿದಳು. ಮೂರು ಬೆರಳು ಮುಂದೆ, ಒಂದು ಹಿಂದೆ. ಎಳೆ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು.

"ಕಾಲು ಕೊಡು ಇಲ್ಲಿ" ಅಂದಳು ದುಗ್ಗಿ. ಪಚ್ಚಿಯ ಪುಟ್ಟ ಕಾಲನ್ನು ಅಂಗೈಯಲ್ಲಿ ಇಟ್ಟುಕೊಂಡಳು. "ನೋಡು, ಹೊರಗಡೆಯ ಈ ಬೆರಳು ಹಿಂದಕ್ಕೆ ಬಂದರೆ ಮೇಷ್ಟ್ರ ಕಾಲಿನ ಹಾಗಾಗುತ್ತೆ. ಎರಡು ಆ ಕಡೆ, ಎರಡು ಈ ಕಡೆ. ಆಗ ಬಿಗಿ ಹಿಡೀಬಹುದು. ತಿರುಗಿಸ್ಲಾ?"

"ತಿರುಗಿಸು" ಅಂದಳು ಪಚ್ಚಿ.

ದುಗ್ಗಿ ಮೆಲ್ಲಗೆ ಬೆರಳನ್ನು ಹಿಂದಕ್ಕೆ ತಿರುಗಿಸಿದಳು. ಹಸಿ ಮಣ್ಣಿನ ಹಾಗೆ ಅದು ತಿರುಗಿತು. ಇನ್ನೊಂದು ಕಾಲನ್ನೂ ಹಾಗೇ ಮಾಡಿದಳು. ಕೀಲನ್ನು ಕೊಂಚ ಸಡಿಲ ಮಾಡಿ, "ಈಗ ಬಾಯಿ ಹತ್ತಿರ ತಾ ನೋಡೋಣ" ಅಂದಳು.

ಪಚ್ಚಿ ಒಂದು ಕಾಲಲ್ಲಿ ನಿಂತು, ಇನ್ನೊಂದರಲ್ಲಿ ಅತ್ತಿ ಹಣ್ಣು ಹಿಡಿದು, ಬಾಯಿಗೆ ತಂದಳು. ಹಣ್ಣು ಬೀಳಲಿಲ್ಲ!

"ಕೈ!" ಅಂತ ಕಿರುಚಿದಳು ಪಚ್ಚಿ. "ನಂಗೂ ಕೈ ಬಂತು!"

ದುಗ್ಗಿಯ ಎಳೆ ಹಿಡಿಯುವುದು ಮರೆತೇಹೋಯಿತು. ಪಚ್ಚಿ ಮರದಿಂದ ಮರಕ್ಕೆ ಹಾರಿ ಎಲ್ಲರಿಗೂ ಕೈ ತೋರಿಸಿದಳು. ದುಗ್ಗಿ ತಲೆ ಕೆರೆದುಕೊಂಡರೆ ತಾನೂ ಕೆರೆದುಕೊಂಡಳು. ದುಗ್ಗಿ ಹೂವು ಹಿಡಿದರೆ ತಾನೂ ಹೂವು ಹಿಡಿದಳು. ದುಗ್ಗಿ ಒಂದು ಹಣ್ಣು ಕಿತ್ತರೆ ತನ್ನ ಕೈಯಲ್ಲಿದ್ದದ್ದನ್ನು ಬಿಸಾಡಿ, ಅಂಥದ್ದೇ ಇನ್ನೊಂದು ಕಿತ್ತಳು. ಯಾಕೆಂದರೆ ದುಗ್ಗಿಯ ಕೈಯಲ್ಲಿದ್ದ ಹಣ್ಣು ಯಾವಾಗಲೂ ಸ್ವಲ್ಪ ದೊಡ್ಡದಾಗಿ, ಸ್ವಲ್ಪ ಕೆಂಪಾಗಿ ಕಾಣುತ್ತಿತ್ತು.

"ಗೂಡು ಎಲ್ಲಿಗೆ ಬಂತೇ?" ಅಂತ ಗುಬ್ಬಚ್ಚಿ ಕೇಳಿದ. ಅವನೂ ಊರೆಲ್ಲ ಹರಟೆ ಹೊಡೆಯುತ್ತ ಒಂದು ಕಡ್ಡಿಯನ್ನೂ ಇಟ್ಟಿರಲಿಲ್ಲ.

"ನಾಳೆ. ಈಗ ಕೈ ಬಂದಿದೆಯಲ್ಲ, ಒಂದೇ ದಿನಕ್ಕೆ ಮುಗಿಸ್ತೀನಿ."

ಆ ನಾಳೆ ಬಂತು. ಆವತ್ತು ದುಗ್ಗಿ ಕಲ್ಲು ಎಸೆದು ಹಿಡಿಯುವ ಆಟ ಆಡಿದಳು. ಪಚ್ಚಿ ದಿನವಿಡೀ ಕಲ್ಲು ಎಸೆದಳು. ಇನ್ನೊಂದು ನಾಳೆ ಬಂತು. ಆವತ್ತು ದುಗ್ಗಿ ಜಡೆ ಹೆಣೆದುಕೊಂಡಳು. ಪಚ್ಚಿ ದಿನವಿಡೀ ತನ್ನ ಬಾಲ ಹಿಡಿದು ಕೂತಳು. ಅವಳ ಗೂಡಿನ ತಳವನ್ನು ಇರುವೆಗಳು ಒಂದೊಂದೇ ಎಳೆ ಕಿತ್ತು ಸಾಗಿಸಿದವು.

ಮೇಷ್ಟ್ರು ಹತ್ತಿರ ಬಂದರು.

"ಪಚ್ಚಿ, ನವಿಲು ಕುಣೀತು ಅಂತ ಕೆಂಬೂತ ಪುಕ್ಕ ಕೆದರಿತು ಅಂತ ನೀವೆಲ್ಲ ನನ್ನ ಬೆನ್ನ ಹಿಂದೆ ಆಡ್ಕೊಂಡು ನಗ್ತೀರಲ್ಲ, ನಂಗೆ ಗೊತ್ತು."

"ಇಲ್ಲ ಮೇಷ್ಟ್ರೇ, ನಾನಲ್ಲ, ಗೊರವಂಕ..."

"ಇರಲಿ ಬಿಡು. ಅದು ನಿಜಾನೇ. ಆದರೆ ಅದರಲ್ಲಿ ಒಂದು ಮಾತು ಯಾರಿಗೂ ಗೊತ್ತಿಲ್ಲ. ಆವತ್ತು ನಾನು ಅಷ್ಟು ಹೊತ್ತು ಕುಣಿದೆನಲ್ಲ, ನವಿಲು ಒಂದು ಸಲವೂ ನನ್ನ ಕಡೆ ತಿರುಗಿ ನೋಡಲಿಲ್ಲ ಮಗಾ. ಅದಕ್ಕೆ ಅದರ ಕೆಲಸ ಇತ್ತು."

ಪಚ್ಚಿ ತಲೆಯಾಡಿಸಿದಳು. ಕಣ್ಣು ಮಾತ್ರ ದುಗ್ಗಿಯ ಮೇಲೇ ಇತ್ತು. ದುಗ್ಗಿ ತನ್ನ ಗೂಡಿನ ಕೊನೆಯ ಸುತ್ತು ಹಾಕುತ್ತಿದ್ದಳು. ಎರಡೇ ಬೆರಳಲ್ಲಿ.

ಆಗಲೇ ಕೆರೆಯ ನೀರು ಕಪ್ಪಾಯಿತು. ಈಚಲು ಗರಿಗಳು ಸರಸರ ಅಂದವು. ಗಾಳಿ ಬಂತು.

ಗಾಳಿ ಗೀಜಗನ ಗೂಡನ್ನು ಉಯ್ಯಾಲೆಯ ಹಾಗೆ ತೂಗಿತು. ಗೂಡು ಬೀಳಲಿಲ್ಲ. "ಭೇಷ್!" ಅಂತು ಗಾಳಿ. ಮರಕುಟಿಗನ ಪೊಟರೆಗೆ ಬಾಯಿಟ್ಟು ಊದಿತು. ಪೊಟರೆ 'ಊಂ' ಅಂತು, ಅಷ್ಟೆ. "ಭೇಷ್!" ಆಮೇಲೆ ಜಾಲಿ ಕೊಂಬೆಗೆ ಬಂತು. ದುಗ್ಗಿಯ ಕೇರಿಯವರೆಲ್ಲ ಬಂದು ನಿಂತಿದ್ದರು. ಗಾಳಿ ಅಲ್ಲಾಡಿಸಿತು, ಎಳೆಯಿತು, ಜಗ್ಗಿತು. ಗೂಡು ನಿಂತಿತ್ತು.

"ಇಷ್ಟು ಕಷ್ಟಾನಾ ಇದು?" ಅಂದಳು ದುಗ್ಗಿಯ ಅವ್ವ. "ನಾವು ಕಸ ಅಂತ ಕೆಡವುತ್ತಿದ್ದೆವಲ್ಲೇ." ಪಕ್ಕದಲ್ಲಿದ್ದ ಮಕ್ಕಳೆಲ್ಲ ಕೈಯಲ್ಲಿದ್ದ ಕೋಲು ಕೆಳಗೆ ಹಾಕಿದರು.

ಕೊನೆಗೆ ಗಾಳಿ ಪಚ್ಚಿಯ ಹತ್ತಿರ ಬಂತು. "ನಿನ್ನದೆಲ್ಲಿ ತಾಯಿ? ಅಲ್ಲಾಡಿಸೋಕೆ ಏನಾದ್ರೂ ಕೊಡು."

"ನಂಗೆ ಕೈ ಇದೆ" ಅಂತ ಪಚ್ಚಿ ಕಾಲೆತ್ತಿ ತೋರಿಸಿದಳು.

"ಕೈ ಇದೆ, ಸರಿ. ಕೈಯಲ್ಲಿ ಏನಿದೆ?"

ಕೈಯಲ್ಲಿ ಅರ್ಧ ಕಚ್ಚಿದ ಅತ್ತಿ ಹಣ್ಣಿತ್ತು.

ಗಾಳಿ ನಗಲಿಲ್ಲ. ಅದಕ್ಕೇ ಪಚ್ಚಿಗೆ ಹೆದರಿಕೆಯಾಯಿತು. ಮೊದಲ ಹನಿ ಅವಳ ತಲೆಯ ಮೇಲೆ ಬಿತ್ತು. ಎರಡನೆಯದು ಬೆನ್ನ ಮೇಲೆ. ಆಮೇಲೆ ಎಣಿಸಲಾಗಲಿಲ್ಲ. ಗೂಡಿದ್ದವರೆಲ್ಲ ಅವರವರ ಗೂಡು ಸೇರಿದರು. ಗೂಡಿಲ್ಲದ ಗುಬ್ಬಚ್ಚಿ ಎಲೆಯ ಮರೆಗೆ ಓಡಿದ, ಪಚ್ಚಿ ಕೊಂಬೆಯ ಮೇಲೆ ತೊಯ್ದು ತೊಪ್ಪೆಯಾಗಿ ಕೂತಳು.

"ಪಚ್ಚೀ!" ಅಂತ ಕೂಗಿದಳು ದುಗ್ಗಿ, ಮಳೆಯಲ್ಲೇ ನಿಂತು. "ನಂಗೆ ಗುಡಿಸಲಿದೆ. ನನ್ನ ಗೂಡಿಗೆ ಬಾ. ನಮ್ಮ ಸೂರಿನ ಕೆಳಗೆ ಕಟ್ಟಿಕೊಡ್ತೀನಿ. ನಿನ್ನ ಮಕ್ಕಳೂ ಅಲ್ಲೇ ಇರಲಿ."

ಪಚ್ಚಿ ಹಾರಿ ಗೂಡಿನ ಬಾಯಿಗೆ ಬಂದಳು. ಒಳಗೆ ಬೆಚ್ಚಗಿತ್ತು, ಹುಲ್ಲಿನ ವಾಸನೆ ಇತ್ತು. ಒಂದು ಹೆಜ್ಜೆ ಒಳಗಿಟ್ಟಳು. ಅಲ್ಲೇ, ಮೇಲ್ಗಡೆ, ಕಡಿದ ನಾರಿಗೆ ಹಾಕಿದ ಹೊಸ ಗಂಟು ಕಣ್ಣಿಗೆ ಬಿತ್ತು.

"ಅದು ನೀನೇ ಕಡಿದದ್ದು ಅಂತ ಆವತ್ತೇ ಗೊತ್ತಿತ್ತು" ಅಂದಳು ದುಗ್ಗಿ. "ಪರವಾಗಿಲ್ಲ, ಬಾ."

ಅಷ್ಟೇ ಸಾಕಾಯಿತು. ಗಂಟು ಗಟ್ಟಿಯಾಗಿತ್ತು. ತಾನು ಹಾಕಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಪಚ್ಚಿಯ ಹೊಟ್ಟೆ ಅಷ್ಟು ಮಳೆಯಲ್ಲೂ ಚುರ್ ಅಂತು.

"ನೀನು ಕಟ್ಟಿದ್ದರಲ್ಲಿ ನಾನಾ? ಬೇಡ ಹೋಗೇ!" ಅಂದಳು. ಇಟ್ಟ ಹೆಜ್ಜೆ ಹಿಂದೆ ತೆಗೆದಳು.

"ಹಾಗಾದ್ರೆ... ನಾನು ಬರ್ಲಾ ಅಕ್ಕಾ?" ಅಂತ ಒದ್ದೆ ಮುದ್ದೆಯಾಗಿದ್ದ ಗುಬ್ಬಚ್ಚಿ ಕೇಳಿದ. ದುಗ್ಗಿ ನಕ್ಕು ಅವನನ್ನು ಗೂಡಿನ ಸಮೇತ ಎತ್ತಿಕೊಂಡು ಹೋಗಿ ತನ್ನ ಮನೆಯ ಸೂರಿಗೆ ಕಟ್ಟಿದಳು. ಆವತ್ತಿನಿಂದ ಗುಬ್ಬಚ್ಚಿ ಮನುಷ್ಯರ ಮನೆಯವನಾದ.

ಪಚ್ಚಿ ಮರದಿಂದ ಮರಕ್ಕೆ ಅಲೆದಳು. ಮರಕುಟಿಗ ತನ್ನ ಪೊಟರೆಯಿಂದ ತಲೆ ಹೊರಗೆ ಹಾಕಿದ. "ಕಲಿಯುವಾಗ ಕೊರೆದ ಹಳೇ ಪೊಟರೆ ಒಂದು ಆ ಒಣಮರದಲ್ಲಿದೆ. ಕತ್ತಲೆ. ಹುಲ್ಲಿಲ್ಲ, ಹತ್ತಿಯಿಲ್ಲ. ಬೇಕಾದ್ರೆ ನುಗ್ಗು."

ಯಾರೂ ಮೆಚ್ಚದ ಪೊಟರೆ ಅದು. ಅದನ್ನು ನೋಡಿ ಹೊಟ್ಟೆ ಉರಿಯುವಂಥದ್ದು ಏನೂ ಇರಲಿಲ್ಲ. ಪಚ್ಚಿ ನುಗ್ಗಿದಳು.

ಮಳೆ ನಿಂತಿತು. ಸೂರ್ಯ ಪೂರ್ತಿ ಹೊರಗೆ ಬಂದ. ಬೆಟ್ಟ ಗಟ್ಟಿಯಾಯಿತು, ನದಿಯ ದಾರಿ ಗಟ್ಟಿಯಾಯಿತು, ಪಚ್ಚಿಯ ಬೆರಳುಗಳೂ ತಿರುಗಿದ ಹಾಗೇ ಗಟ್ಟಿಯಾದವು. ಕೈ ಉಳಿಯಿತು. ಹೆಣೆಯುವುದು ಮಾತ್ರ ಮರೆತುಹೋಯಿತು, ಅವಳಿಗೂ, ಅವಳ ಮಕ್ಕಳಿಗೂ, ಮೊಮ್ಮಕ್ಕಳಿಗೂ.

ಅದಕ್ಕೇ ಮಗು, ಗಿಣಿ ಇವತ್ತಿಗೂ ಗೂಡು ಕಟ್ಟುವುದಿಲ್ಲ, ಯಾರೋ ಕೊರೆದು ಬಿಟ್ಟ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಸೀಬೆ ಮರದ ಕೆಳಗೆ ಒಂದೇ ಒಂದು ಕಚ್ಚು ಕಚ್ಚಿ ಬಿಸಾಡಿದ ಕಾಯಿ ನಿನಗೆ ಸಿಕ್ಕರೆ ಸದ್ದು ಮಾಡದೆ ತಲೆಯೆತ್ತಿ ನೋಡು, ಅಲ್ಲೊಂದು ಗಿಣಿ ಒಂಟಿ ಕಾಲಲ್ಲಿ ನಿಂತು, ಇನ್ನೊಂದರಲ್ಲಿ ಹೊಸ ಕಾಯಿ ಹಿಡಿದು, ಅದನ್ನು ತಿನ್ನುವುದು ಬಿಟ್ಟು, ಕತ್ತು ಓರೆ ಮಾಡಿ, ನಿನ್ನ ಕೈಯಲ್ಲೇನಿದೆ ಅಂತ ನೋಡುತ್ತಿರುತ್ತದೆ.